ಕ್ಯಾರವಾನ್ ಒಳಗೆ ಕತ್ತಲೆ!

ಹಂಪಿಯಲ್ಲಿ ಜಂಬ, ಸಂಡೂರಿನಲ್ಲಿ ಸಂಕಟ, ಹೊಸಪೇಟೆಯಲ್ಲಿ ಪಾಠ, ಕಂಪ್ಲಿಯಲ್ಲಿ ಸಮಾಧಾನ... ಒಂದು ಔಟ್‌ಡೋರ್ ಕಥೆ

ಕ್ಯಾರವಾನ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಮುಚ್ಚಿದ ಬಾಗಿಲು. ಬಾಗಿಲಿಗೆ ಅಡ್ಡ ನಿಂತ ಇಬ್ಬರು ಬಾಡಿಗಾರ್ಡು. ಅವರ ಎದುರು ಮೊಬೈಲ್ ಎತ್ತಿ ಹಿಡಿದು ಬೆವರು ಸುರಿಸುತ್ತ ನಿಂತ ನಾವು, ನೀವು! ಬಾಗಿಲು ತೆರೆದರೆ ಮೊದಲು ತಣ್ಣನೆ ಗಾಳಿ ಬರುತ್ತೆ, ಅದರ ಹಿಂದೆ ಹೀರೋ ಬರುತ್ತಾರೆ. ಆಮೇಲೆ ಶಿಳ್ಳೆಯೋ ಶಿಳ್ಳೆ!

ಹೋದ ಬೇಸಿಗೆಯವರೆಗೆ ನನಗೂ ಅಷ್ಟೇ ಗೊತ್ತಿತ್ತು. ಈಗ ಕ್ಯಾರವಾನ್ ಅಂದರೆ ನನ್ನ ಕಣ್ಣಿಗೆ ಬೇರೆಯೇ ಚಿತ್ರ. ಒಂದು ಪುಟ್ಟ ಫ್ರಿಜ್. ಅದರೊಳಗೆ ಬೆರಳುದ್ದದ ನಾಲ್ಕು ಔಷಧಿ ಸೀಸೆ. ಹೊರಗೆ ಸಂಡೂರಿನ ಬೆಟ್ಟದ ಮೇಲೆ ಇಳಿಯುತ್ತಿರುವ ಸಂಜೆ. ಆ ಸಂಜೆ ಗಾಡಿಯೊಳಗೆ ಕತ್ತಲೆ ಮಾಡಿದವರು ಯಾರು ಅಂತೀರಾ? ಬೇರೆ ಯಾರೂ ಅಲ್ಲ ಸ್ವಾಮಿ, ಈ ಲೇಖನ ಬರೆಯುತ್ತಿರುವ ನಾನೇ!

ನಾನು ಹೊಸಪೇಟೆ ಹುಡುಗ. 2022ರಲ್ಲಿ ಅಪ್ಪು ಪುತ್ಥಳಿ ನಿಲ್ಲಿಸಿದಾಗ ಜನಸಾಗರದಲ್ಲಿ ಚಪ್ಪಲಿ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಸಿನಿಮಾ ಹುಚ್ಚು ಎಷ್ಟಿತ್ತು ಅಂದರೆ, ಊರಿಗೆ ಯೂನಿಟ್ ಬಂತು ಅಂತ ಕೇಳಿದ ದಿನವೇ ಲಾಡ್ಜ್ ಬಾಗಿಲಿಗೆ ಹೋಗಿ ಪ್ರೊಡಕ್ಷನ್ ಹುಡುಗನಾಗಿ ಸೇರಿಕೊಂಡೆ. ಸಣ್ಣ ಬಜೆಟ್ ಚಿತ್ರ. ಹಂಪಿ, ಸಂಡೂರು, ಕಂಪ್ಲಿ, ಮೂರು ಕಡೆ ಚಿತ್ರೀಕರಣ. ನನಗೆ ಸಿಕ್ಕ ಕೆಲಸ: ತಾಯಿ ಪಾತ್ರದ ಹಿರಿಯ ನಟಿಯ ಕ್ಯಾರವಾನ್ ನೋಡಿಕೊಳ್ಳುವುದು. ಅವರ ಹೆಸರು ಬೇಡ. ಯೂನಿಟ್‌ನಲ್ಲಿ ಎಲ್ಲರೂ ಅವರನ್ನು ಅಮ್ಮ ಅನ್ನುತ್ತಿದ್ದರು, ಇಲ್ಲೂ ಅಮ್ಮನೇ ಇರಲಿ.

ಮರದ ನೆರಳಿನಿಂದ ಮನೆಗಾಡಿಗೆ

ಹಿಂದೆ ಔಟ್‌ಡೋರ್ ಅಂದರೆ ಮರದ ನೆರಳು, ಮಡಚುವ ಕುರ್ಚಿ, ಒಂದು ಛತ್ರಿ. ಬಟ್ಟೆ ಬದಲಾಯಿಸಲು ನಾಲ್ಕು ಜನ ಸೀರೆ ಹಿಡಿದು ನಿಲ್ಲಬೇಕಿತ್ತು. ಮುಂಬೈಯಲ್ಲಿ ವ್ಯಾನಿಟಿ ವ್ಯಾನ್ ತಂದವರು ನಟಿ ಪೂನಂ ಧಿಲ್ಲೋನ್ ಎಂದು ಹಿಂದಿ ಚಿತ್ರರಂಗದವರು ಹೇಳುವುದುಂಟು. ಅದೇ ಗಾಡಿ ನಮ್ಮಲ್ಲಿಗೆ ಬಂದು ಕ್ಯಾರವಾನ್ ಆಯಿತು.

ಇದರಲ್ಲಿ ಎರಡು ಜಾತಿ. ದೊಡ್ಡ ಸ್ಟಾರ್‌ಗಳದ್ದು ಬಸ್ಸಿನಷ್ಟು ಗಾಡಿ. ಅದರಲ್ಲಿ ಸ್ವಂತ ಜನರೇಟರು, ಎಸಿ, ಎಲ್ಲ ಉಂಟು. ಇನ್ನೊಂದು ಬಡವರ ಕ್ಯಾರವಾನ್. ಅದಕ್ಕೆ ಎಂಜಿನ್ನೇ ಇಲ್ಲ. ಕೊಕ್ಕೆ ಹಾಕಿ ಜೀಪಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಮನೆ. ಒಳಗೆ ಒಂದು ಮಂಚ, ಕನ್ನಡಿ, ಎರಡು ಫ್ಯಾನು, ನಾಲ್ಕು ದೀಪ, ಬ್ಯಾಟರಿಯಲ್ಲಿ ಓಡುವ ಸಣ್ಣ ಫ್ರಿಜ್. ನಮ್ಮದು ಈ ಎರಡನೇ ಜಾತಿ.

ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನಾ ಎರಡು ಹೊತ್ತು ಇನ್ಸುಲಿನ್. ಇಪ್ಪತ್ತು ದಿನದ ಶೆಡ್ಯೂಲಿಗೆ ಬೇಕಾದ ಸೀಸೆ ಬೆಂಗಳೂರಿನಿಂದಲೇ ತಂದಿದ್ದರು. ತೆರೆಯದ ಸೀಸೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಬಳಸುತ್ತಿರುವ ಸೀಸೆ ಹೊರಗೆ ಸುಮಾರು ನಾಲ್ಕು ವಾರ ತಡೆಯುತ್ತೆ, ಆದರೆ ಹೊರಗೆ ಅಂದರೆ 25-30 ಡಿಗ್ರಿ. ನಮ್ಮ ಬಳ್ಳಾರಿ ಸೀಮೆಯ ಬೇಸಿಗೆ ಗೊತ್ತಲ್ಲ? ಬಂಡೆ ಮೇಲೆ ರೊಟ್ಟಿ ಸುಡಬಹುದು!

"ಕಂದ, ಈ ಫ್ರಿಜ್ ನಂಬಬಹುದಾ?" ಅಂತ ಮೊದಲ ದಿನವೇ ಕೇಳಿದರು ಅಮ್ಮ.

"ಭಯ ಬೇಡಮ್ಮಾ. ಜೀಪಿಗೆ ಪ್ಲಗ್ ಹಾಕಿದ್ದೀನಿ. ಚಾರ್ಜ್ ಆಗ್ತಾನೇ ಇರುತ್ತೆ" ಅಂದೆ ಎದೆ ಉಬ್ಬಿಸಿ.

ಆ ಮಾತು ನೆನಪಿಡಿ. ಅದೇ ಈ ಚಿತ್ರದ ವಿಲನ್.

ಹಂಪಿಯಲ್ಲಿ ಎಲ್ಲಾ ಸೂಪರ್!

ಮೊದಲ ದಿನ ಹಂಪಿ. 2005ರಲ್ಲಿ ತೆರೆಕಂಡ 'ದಿ ಮಿತ್' ಚಿತ್ರಕ್ಕಾಗಿ ಜಾಕಿ ಚಾನ್ ಕುಣಿದಾಡಿದ ಊರು. 1986ರಿಂದ ವಿಶ್ವ ಪರಂಪರೆಯ ತಾಣ. ಸ್ಮಾರಕಗಳ ಹತ್ತಿರ ಕ್ಯಾಮೆರಾ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಗಾಡಿಗಳನ್ನು ಸ್ಮಾರಕದ ಮಗ್ಗುಲಿಗೆ ತಂದು ನಿಲ್ಲಿಸುವ ಮಾತೇ ಇಲ್ಲ. ಜನರೇಟರ್ ವ್ಯಾನ್ ಒಂದು ಮೂಲೆ, ನಮ್ಮ ಕ್ಯಾರವಾನ್ ಇನ್ನೊಂದು ಮೂಲೆ. ಅಂದರೆ ನಮಗೆ ಜನರೇಟರ್ ಕರೆಂಟಿಲ್ಲ. ದಿನವಿಡೀ ಬ್ಯಾಟರಿಯೇ ದೇವರು.

ಆದರೂ ಫ್ಯಾನ್ ತಿರುಗಿತು, ದೀಪ ಉರಿಯಿತು, ಸೀಸೆ ತಣ್ಣಗಿದ್ದವು. ಸಾಲದ್ದಕ್ಕೆ ನಾನು ಬಾಡಿಗೆಗೆ ಒಂದು ಇನ್ವರ್ಟರ್ ತಂದು ಬ್ಯಾಟರಿಗೆ ಹಚ್ಚಿದೆ, ಎಲ್ಲರ ಮೊಬೈಲ್ ಚಾರ್ಜಿಗೆ. ಯೂನಿಟ್‌ನಲ್ಲಿ ನನ್ನ ಡಿಮ್ಯಾಂಡ್ ನೋಡಬೇಕಿತ್ತು! ರಾತ್ರಿ ಹೊಸಪೇಟೆ ಲಾಡ್ಜ್ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಪ್ಲಗ್ ಜೀಪಿಗೇ ಬಿಟ್ಟು, ಹಾಯಾಗಿ ಮಲಗಿದೆ. ಎಂಜಿನ್ ನಿಂತಿದ್ದರೂ ಚಾರ್ಜ್ ಆಗ್ತಿರುತ್ತೆ ಅನ್ನುವುದು ನನ್ನ ನಂಬಿಕೆ. ಎಂಥ ಬುದ್ಧಿವಂತ!

ಕಟ... ಕಟ... ಕಟ!

ಎರಡನೇ ದಿನ ಸಂಡೂರು. ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್. ಅಲ್ಲಿಂದ ಮೇಲೆ ಕುಮಾರಸ್ವಾಮಿ ಬೆಟ್ಟದ ರಸ್ತೆಯಲ್ಲಿ ಲೊಕೇಶನ್. ಕೆಂಪು ಮಣ್ಣು, ಹಸಿರು ಕಣಿವೆ, ನಡುನಡುವೆ ಅದಿರಿನ ಲಾರಿ. ಕ್ಯಾಮೆರಾಮನ್ ಸಂತೋಷಕ್ಕೆ ಪಾರವೇ ಇಲ್ಲ.

ಮಧ್ಯಾಹ್ನ ಎರಡನೇ ನಾಯಕ ಕ್ಯಾರವಾನ್‌ಗೆ ಬಂದರು. ಕೈಯಲ್ಲಿ ಹೇರ್ ಡ್ರೈಯರ್. "ಐದೇ ನಿಮಿಷ ಗುರು" ಅಂದವರು ಕಾಲು ಗಂಟೆ ತಲೆಗೂದಲಿಗೆ ಗಾಳಿ ಹಾಕಿಕೊಂಡರು. ನಾನು ಹಲ್ಲು ಕಿರಿದು ನಿಂತಿದ್ದೆ. ಸ್ಟಾರ್ ನನ್ನನ್ನು ಗುರು ಅಂದರಲ್ಲ!

ಸಂಜೆ ಪ್ಯಾಕಪ್. ಕೊನೆಯ ಶಾಟ್ ಅಮ್ಮನದೇ ಆದ್ದರಿಂದ ಉಳಿದ ಗಾಡಿಗಳು ಮುಂದೆ ಹೋಗಿದ್ದವು. ಅಮ್ಮ ಮೇಕಪ್ ತೆಗೆಯಲು ಒಳಗೆ ಹೋಗಿ ಸ್ವಿಚ್ ಹಾಕಿದರು. ದೀಪ ಇಲ್ಲ. ಫ್ರಿಜ್ ಬಾಗಿಲು ತೆಗೆದರು. ಒಳಗೆ ಬಿಸಿ ಗಾಳಿ. ಯಾವಾಗ ನಿಂತಿತ್ತೋ ಏನೋ!

"ಜೀಪ್ ಸ್ಟಾರ್ಟ್ ಮಾಡಣ್ಣಾ, ಎಲ್ಲ ಸರಿಹೋಗುತ್ತೆ" ಅಂತ ಡ್ರೈವರ್‌ಗೆ ಕೂಗಿದೆ. ಡ್ರೈವರಣ್ಣ ಕೀಲಿ ತಿರುಗಿಸಿದ. ಕಟ... ಕಟ... ಕಟ. ಅಷ್ಟೇ. ಕ್ಯಾರವಾನ್ ಜೊತೆಗೆ ಜೀಪಿನ ಬ್ಯಾಟರಿಯೂ ಸತ್ತಿತ್ತು!

ಮೊಬೈಲ್‌ಗೆ ಸಿಗ್ನಲ್ ಇಲ್ಲ. ಅಮ್ಮ ಸೀಸೆ ಎತ್ತಿ ಬೆಳಕಿಗೆ ಹಿಡಿದರು. "ನೋಡಿದರೆ ಏನೂ ಗೊತ್ತಾಗಲ್ಲ ಕಂದ. ಕೆಟ್ಟಿದ್ದರೂ ನೀರಿನ ಹಾಗೇ ಇರುತ್ತೆ. ಚುಚ್ಚಿಕೊಂಡ ಮೇಲೆ ತಾನೇ ಗೊತ್ತಾಗೋದು?" ಕೋಪ ಇಲ್ಲ, ಬೈಗುಳ ಇಲ್ಲ. ಬೈದಿದ್ದರೇ ಚೆನ್ನಾಗಿತ್ತು. ರಾತ್ರಿ ಊಟಕ್ಕೆ ಮುಂಚೆ ಅವರಿಗೆ ಇಂಜೆಕ್ಷನ್ ಬೇಕು, ಗಂಟೆ ಆಗಲೇ ಆರೂವರೆ.

ಅದಿರು ಇಳಿಸಿ ಬರುತ್ತಿದ್ದ ಲಾರಿಗೆ ಕೈ ಮಾಡಿದೆ. "ಅಣ್ಣಾ, ನಿಮ್ಮ ಬ್ಯಾಟರಿಯಿಂದ ಒಂದು ವೈರ್ ಕೊಡಿ, ಸ್ಟಾರ್ಟ್ ಮಾಡ್ಕೋತೀವಿ."

ಆತ ನಕ್ಕ. "ಏ ತಮ್ಮಾ, ನಮ್ದು ಇಪ್ಪತ್ನಾಕು ವೋಲ್ಟು, ಎರಡು ಬ್ಯಾಟ್ರಿ ಒಂದಕ್ಕೊಂದು ಜೋಡ್ಸಿರ್ತಾರ. ನಿಮ್ದು ಹನ್ನೆರಡು. ಹಚ್ಚಿದ್ರ ನಿನ್ನ ಜೀಪು ಸುಟ್ಟು ಹೋಗತೈತಿ. ದಬ್ಬೋಣ ನಡೀ!"

ಕ್ಯಾರವಾನ್ ಚಕ್ರಕ್ಕೆ ಕಲ್ಲು ಕೊಟ್ಟು, ಕೊಕ್ಕೆ ಬಿಚ್ಚಿ, ಪ್ಲಗ್ ಕಿತ್ತೆವು. ಲೈಟ್‌ಬಾಯ್ ಒಬ್ಬನನ್ನು ಅದರ ಕಾವಲಿಗೆ ಬಿಟ್ಟೆವು. ಜೀಪನ್ನು ಇಳಿಜಾರಿಗೆ ದಬ್ಬಿದೆವು. ಹಳೇ ಕಾಲದ ಡೀಸೆಲ್ ಜೀಪು, ಪುಣ್ಯಕ್ಕೆ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಗುಡುಗಿತು. ಸಂಡೂರು ಪೇಟೆಯ ಮೆಡಿಕಲ್ ಶಾಪ್ ಮುಂದೆ ನಿಲ್ಲಿಸಿದಾಗಲೂ ಎಂಜಿನ್ ಆಫ್ ಮಾಡಲಿಲ್ಲ. ಅಮ್ಮನ ಮೊಬೈಲ್‌ನಲ್ಲಿದ್ದ ಡಾಕ್ಟರ್ ಚೀಟಿ ತೋರಿಸಿ ಹೊಸ ಸೀಸೆ ತೆಗೆದುಕೊಂಡೆವು. ಹಣ ನನ್ನ ಬಾಟಾದಿಂದ. ಹೋದರೆ ಹೋಗಲಿ ಬಿಡಿ. ಆವತ್ತು ಮೆಡಿಕಲ್ ಶಾಪ್ ಮುಚ್ಚಿದ್ದರೆ? ಈಗಲೂ ನೆನೆದರೆ ಬೆನ್ನಲ್ಲಿ ಚಳಿ.

ಉಸ್ತಾದ್ ಕ್ಲಾಸು

ಮರುದಿನ ಬೆಳಿಗ್ಗೆ ಜೀಪು, ಕ್ಯಾರವಾನ್ ಎರಡನ್ನೂ ಹೊಸಪೇಟೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಮುಂದೆ ನಿಲ್ಲಿಸಿದೆ. ಅದಿರಿನ ಲಾರಿಗಳನ್ನು ರಿಪೇರಿ ಮಾಡಿ ಮಾಡಿ ಪಳಗಿದ ಕೈ. ಎಲ್ಲರೂ ಉಸ್ತಾದ್ ಅನ್ನುತ್ತಾರೆ. ಕಥೆಯೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು.

"ಜೀಪು ಬಂದ್ ಇದ್ದಾಗ ಚಾರ್ಜ್ ಆಗತೈತಿ ಅಂತ ನಿನಗ ಯಾರು ಹೇಳಿದ್ರು?"

ನಾನು ತಲೆ ಕೆರೆದುಕೊಂಡೆ.

ಅವರು ಹೇಳಿದ್ದು ಇಷ್ಟು. ಕರೆಂಟು ಹುಟ್ಟಿಸುವುದು ಜೀಪಿನ ಬ್ಯಾಟರಿ ಅಲ್ಲ, ಎಂಜಿನ್ ಜೊತೆ ಬೆಲ್ಟಿನಲ್ಲಿ ತಿರುಗುವ ಆಲ್ಟರ್ನೇಟರ್. ಎಂಜಿನ್ ನಿಂತರೆ ಅದೂ ನಿಂತಿತು. ಆಮೇಲೆ ಪ್ಲಗ್ ಹಾಗೇ ಇದ್ದರೆ ಎರಡು ಬ್ಯಾಟರಿ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ. ಕ್ಯಾರವಾನ್‌ನ ಫ್ಯಾನು, ಫ್ರಿಜ್ಜು, ಡ್ರೈಯರು ಎಲ್ಲ ಸೇರಿ ಜೀಪಿನ ಪಾಲನ್ನೂ ತಿಂದುಬಿಡುತ್ತವೆ. ನಮ್ಮಲ್ಲಿ ಆದದ್ದು ಅದೇ!

ಇದಕ್ಕೆ ಮದ್ದು ರಿಲೇ. ಥಿಯೇಟರ್ ಗೇಟ್‌ಕೀಪರ್ ಇದ್ದಹಾಗೆ. ಎಂಜಿನ್ ಓಡಿ ವೋಲ್ಟೇಜ್ 13.3ರ ಸುಮಾರಿಗೆ ಏರಿದರೆ ಗೇಟು ತೆಗೆಯುತ್ತೆ, ಎಂಜಿನ್ ನಿಂತು 12.8ರ ಸುಮಾರಿಗೆ ಇಳಿದರೆ ಗೇಟು ಹಾಕುತ್ತೆ. ಜೀಪಿನ ಬ್ಯಾಟರಿ ಜೀಪಿಗೇ ಉಳಿಯುತ್ತೆ. ನಮ್ಮ ಗಾಡಿಯಲ್ಲಿ ಗೇಟೂ ಇರಲಿಲ್ಲ, ಕೀಪರೂ ಇರಲಿಲ್ಲ. ನೇರ ವೈರು!

ಆಮೇಲೆ ಎಂಜಿನ್ ಓಡಿಸಿ ಮೀಟರ್ ಹಿಡಿದರು. ಜೀಪಿನ ಬ್ಯಾಟರಿಯಲ್ಲಿ 14.2 ವೋಲ್ಟ್. ಕ್ಯಾರವಾನ್‌ನ ಬ್ಯಾಟರಿಯಲ್ಲಿ ಬರೀ 12.6. ನಡುವೆ 1.6 ವೋಲ್ಟ್ ಮಾಯ!

"ತುಂಗಭದ್ರಾ ಡ್ಯಾಮು ತುಂಬಿದ್ರೂ ಕಾಲುವಿ ಕೊನಿ ಹೊಲಕ್ಕ ನೀರು ಮುಟ್ಟತೈತೇನು? ಕಾಲುವಿ ಸಣ್ಣದಿದ್ರ ದಾರಿಯೊಳಗ ಇಂಗತೈತಿ. ಇದೂ ಹಂಗ" ಅಂದರು ಉಸ್ತಾದ್.

ನಮ್ಮ ವೈರು 1.5 ಚದರ ಮಿಲಿಮೀಟರಿನದು, ಮನೆ ಟ್ಯೂಬ್‌ಲೈಟಿಗೆ ಎಳೆಯುವಂಥದ್ದು. ಜೀಪಿನ ಮೂತಿಯಿಂದ ಕ್ಯಾರವಾನ್‌ನ ಬ್ಯಾಟರಿಗೆ 7 ಮೀಟರ್ ಹೋಗಬೇಕು, 7 ಮೀಟರ್ ವಾಪಸ್ ಬರಬೇಕು. ಹತ್ತು ಆಂಪಿಯರ್ ಹರಿದರೆ ಒಂದೂವರೆ ವೋಲ್ಟಿಗೂ ಹೆಚ್ಚು ದಾರಿಯಲ್ಲೇ ನಷ್ಟ. ಹನ್ನೆರಡು ವೋಲ್ಟಿನ ಬ್ಯಾಟರಿ ತುಂಬಬೇಕಾದರೆ 14ರ ಆಸುಪಾಸು ಬೇಕು. 12.6ರಲ್ಲಿ ಅದು ತುಂಬುವುದು ಕನಸಿನ ಮಾತು. ಅದೇ 10 ಚದರ ಮಿಲಿಮೀಟರ್ ವೈರಾದರೆ ನಷ್ಟ ಕಾಲು ವೋಲ್ಟ್ ಮಾತ್ರ.

ವಾಪಸ್ ಬರುವ ಅರ್ತ್ ವೈರೂ ಅಷ್ಟೇ ದಪ್ಪ ಇರಬೇಕು. ಕೊಕ್ಕೆ ಕಬ್ಬಿಣದ್ದೇ ತಾನೇ, ಅದರಲ್ಲೇ ಹರಿಯಲಿ ಅನ್ನುವವರುಂಟು. ಕೊಕ್ಕೆಗೆ ಗ್ರೀಸು, ತುಕ್ಕು, ಮೇಲೆ ಸಂಡೂರಿನ ಕೆಂಪು ಧೂಳು. ಅದನ್ನು ನಂಬಿದರೆ ಕೆಟ್ಟಿರಿ. ನಮ್ಮ ಏಳು ಪಿನ್ನಿನ ಸಾಕೆಟ್ ತೆಗೆದು ನೋಡಿದರೆ ಒಳಗೆಲ್ಲ ಕುಂಕುಮ ಭರಣಿ! ಉಜ್ಜಿ ತೊಳೆದು ಮುಚ್ಚಳ ಹಾಕಿದರು.

ಇನ್ನು ಫ್ಯೂಸು. ನಮ್ಮಲ್ಲಿ ಇರಲೇ ಇಲ್ಲ. ಫ್ಯೂಸ್ ಅಂದರೆ ಡ್ಯೂಪ್ ಕಲಾವಿದ ಇದ್ದಹಾಗೆ ಕಣ್ರೀ. ಹೀರೋಗೆ ಬೀಳುವ ಏಟು ತಾನು ತಿನ್ನುತ್ತಾನೆ. ಎಲ್ಲೋ ವೈರು ಉಜ್ಜಿ ಬಾಡಿಗೆ ತಗುಲಿದರೆ ಫ್ಯೂಸ್ ಸುಡಬೇಕು, ಗಾಡಿ ಸುಡಬಾರದು. ವೈರಿನ ಎರಡು ತುದಿಯಲ್ಲೂ ಬ್ಯಾಟರಿ ಇರುವುದರಿಂದ ಎರಡು ಕಡೆಯೂ, ಬ್ಯಾಟರಿಗೆ ಆದಷ್ಟು ಹತ್ತಿರ, ಒಂದೊಂದು ಫ್ಯೂಸು.

ಪೈಲ್ವಾನ್ ಮತ್ತು ಎತ್ತು

ಕೊನೆಗೆ ಉಸ್ತಾದ್ ಕ್ಯಾರವಾನ್‌ನ ಬ್ಯಾಟರಿ ನೋಡಿ ಹಣೆ ಚಚ್ಚಿಕೊಂಡರು. ಯಾರೋ ಕಾರಿನ ಬ್ಯಾಟರಿಯನ್ನೇ ತಂದು ಕೂರಿಸಿದ್ದರು.

"ಕಾರಿನ ಬ್ಯಾಟ್ರಿ ಪೈಲ್ವಾನ ಇದ್ದಂಗ. ಒಂದೇ ಸಲ ಎತ್ತಿ ಒಗೀತಾನ, ಆಮ್ಯಾಲ ಕುಂದರ್ತಾನ. ಇಲ್ಲಿ ಎತ್ತು ಬೇಕು ತಮ್ಮಾ, ದಿನಾಪೂರ್ತಿ ಉಳೋ ಎತ್ತು."

ಆ ಎತ್ತು ಯಾವುದು? ಮನೆ ಇನ್ವರ್ಟರ್‌ಗೆ ಹಾಕುವ ಟ್ಯೂಬುಲರ್ ಬ್ಯಾಟರಿ. ಅದನ್ನೂ ಪೂರ್ತಿ ಖಾಲಿ ಮಾಡಬಾರದು, ಅರ್ಧಕ್ಕೆ ನಿಲ್ಲಿಸಬೇಕು. ಸ್ವಲ್ಪ ಹೊತ್ತು ವಿಶ್ರಾಂತಿ ಕೊಟ್ಟು ಮೀಟರ್ ಹಿಡಿದರೆ 12.7 ಅಂದರೆ ಭರ್ತಿ, 12.2 ಅಂದರೆ ಅರ್ಧ, 11.9 ಅಂದರೆ ಹೆಚ್ಚುಕಡಿಮೆ ಖಾಲಿ. ಖಾಲಿ ಬ್ಯಾಟರಿಯನ್ನು ಹಾಗೇ ದಿನಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯೇ ಹಾಳು. ಚಾರ್ಜ್ ಆಗುವಾಗ ಬೆಂಕಿ ಹಿಡಿಯುವ ಹೈಡ್ರೋಜನ್ ಬರುವುದರಿಂದ ಪೆಟ್ಟಿಗೆಗೆ ಗಾಳಿ ಹೋಗುವ ದಾರಿ ಬೇಕು. ಹತ್ತಿರದಲ್ಲಿ ಬೀಡಿ ಹಚ್ಚುವ ಶೋಕಿ ಬೇಡ.

ಅಲ್ಲೇ ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಬರೆದರು. ನಮ್ಮ ಫ್ರಿಜ್ ಓಡುವಾಗ 4 ಆಂಪಿಯರ್ ಎಳೆಯುತ್ತೆ. ಅರ್ಧ ಹೊತ್ತು ಓಡಿ ಅರ್ಧ ಹೊತ್ತು ನಿಂತರೂ ದಿನಕ್ಕೆ 48 ಆಂಪಿಯರ್-ಅವರ್. ಫ್ಯಾನು 2 ಆಂಪಿಯರ್, ಎಂಟು ಗಂಟೆಗೆ 16. ದೀಪಕ್ಕೆ 5. ಒಟ್ಟು 69. ಆಮೇಲೆ ನಮ್ಮ ಎರಡನೇ ನಾಯಕರ ಕೇಶರಾಶಿ! 1,200 ವ್ಯಾಟ್ ಡ್ರೈಯರು. ಹನ್ನೆರಡರಿಂದ ಭಾಗಿಸಿ, ಇನ್ವರ್ಟರ್ ತಿನ್ನುವುದನ್ನು ಸೇರಿಸಿ, 110 ಆಂಪಿಯರ್. ಕಾಲು ಗಂಟೆಗೆ 27ಕ್ಕೂ ಹೆಚ್ಚು ಆಂಪಿಯರ್-ಅವರ್. ಅಮ್ಮನ ಫ್ರಿಜ್ ಅರ್ಧ ದಿನ ಓಡುವಷ್ಟು ಕರೆಂಟು ಒಂದು ಕ್ರಾಪಿಗೆ ಹೋಗಿತ್ತು!

ಹೋದದ್ದು ವಾಪಸ್ ಬರಬೇಕಲ್ಲ? ಒಳ್ಳೆಯ ವೈರು, ರಿಲೇ ಇದ್ದು 15 ಆಂಪಿಯರ್ ಹರಿದರೂ, ಹೊಸಪೇಟೆಯಿಂದ ಹಂಪಿಗೆ 13 ಕಿಲೋಮೀಟರ್, ಅರ್ಧ ಗಂಟೆಯ ದಾರಿ, ಸಿಗುವುದು ಏಳೂವರೆ. ಎಲ್ಲಿಯ 69, ಎಲ್ಲಿಯ ಏಳೂವರೆ! ಊರೂರು ಸುತ್ತುವ ಪ್ರವಾಸಿಗೆ ಜೀಪಿನ ಚಾರ್ಜ್ ಸಾಕಾದೀತು. ಬೆಳಿಗ್ಗೆ ಹೋಗಿ ಸಂಜೆವರೆಗೆ ನಿಂತಿರುವ ಸಿನಿಮಾದವರಿಗೆ ಸಾಲದು. ಆದ್ದರಿಂದ ರಾತ್ರಿ ಲಾಡ್ಜಿನಲ್ಲಿ ಮನೆ ಕರೆಂಟಿನ ಚಾರ್ಜರ್ ಹಾಕಲೇಬೇಕು. ಮೇಲೆ 100 ವ್ಯಾಟ್ ಸೋಲಾರ್ ಹಲಗೆ ಇದ್ದರೆ ನಮ್ಮ ಬಿಸಿಲಿಗೆ ದಿನಕ್ಕೆ ಇನ್ನೊಂದು 25-30 ಸಿಗುತ್ತೆ. ಬಳ್ಳಾರಿ ಬಿಸಿಲನ್ನು ಬೈಯುವವರೇ, ಇಲ್ಲಿ ಕೈ ಮುಗಿಯಿರಿ!

ಹೊಸ ಗಾಡಿಯ ಹೊಸ ತಕರಾರು

ಇಷ್ಟರಲ್ಲಿ ಮ್ಯಾನೇಜರ್ ಬಂದರು. ಬಿಲ್ಲಿನ ಮಾತು ಕೇಳಿ ಮುಖ ಸಣ್ಣದಾಯಿತು. "ಇಷ್ಟೆಲ್ಲ ಯಾಕ್ರೀ? ನಿರ್ಮಾಪಕರ ಹೊಸ ಗಾಡಿಯಲ್ಲಿ ಎಳೆದರಾಯ್ತು. ಹೊಸದು, ಚೆನ್ನಾಗಿ ಚಾರ್ಜ್ ಮಾಡುತ್ತೆ."

ಉಸ್ತಾದ್ ತಲೆ ಅಲ್ಲಾಡಿಸಿದರು. "ಅದಿನ್ನೂ ಕಷ್ಟ ಸಾಬ್."

ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂತು. ಈಗಿನ ಹಲವು ಗಾಡಿಗಳಲ್ಲಿ ಆಲ್ಟರ್ನೇಟರ್ ಬಲು ಜಾಣ. ತನ್ನ ಬ್ಯಾಟರಿ ತುಂಬಿತು ಅಂತ ಗೊತ್ತಾದರೆ ಡೀಸೆಲ್ ಉಳಿಸಲು ವೋಲ್ಟೇಜನ್ನು 12.5ರ ಸುಮಾರಿಗೆ ಇಳಿಸಿ ಸುಮ್ಮನಾಗುತ್ತೆ. ಹಿಂದೆ ಇನ್ನೊಂದು ಬ್ಯಾಟರಿ ಹಸಿದು ಕೂತಿರುವುದು ಅದಕ್ಕೆ ಗೊತ್ತಿಲ್ಲ. ಎಂಜಿನ್ ಓಡುತ್ತಿದ್ದರೂ ರಿಲೇ ಮೋಸಹೋಗಿ ಗೇಟು ಹಾಕಿಬಿಡುತ್ತೆ. ಅಂಥ ಗಾಡಿಗೆ ಬರೀ ರಿಲೇ ಸಾಲದು, ಡಿಸಿ-ಡಿಸಿ ಚಾರ್ಜರ್ ಬೇಕು. ಬಂದ ಕಡಿಮೆ ವೋಲ್ಟೇಜನ್ನು 14.4ಕ್ಕೆ ಏರಿಸಿ ಹಿಂದಿನ ಬ್ಯಾಟರಿಗೆ ಅಳತೆ ಮಾಡಿ ಬಡಿಸುತ್ತೆ. ಲಿಥಿಯಂ ಬ್ಯಾಟರಿ ಹಾಕುವವರಿಗಂತೂ ಅದು ಬೇಕೇ ಬೇಕು. ಇಲ್ಲದಿದ್ದರೆ ಅದು ಒಂದೇ ಗುಟುಕಿಗೆ ಎಳೆಯಲು ಹೋಗಿ ಆಲ್ಟರ್ನೇಟರನ್ನೇ ಕಾಯಿಸಿಬಿಡುತ್ತೆ.

ಮ್ಯಾನೇಜರ್ ಸುಮ್ಮನಾದರು. ನಮ್ಮ ಹಳೇ ಜೀಪೇ ಗೆದ್ದಿತು. 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ, ದಪ್ಪ ವೈರು, ರಿಲೇ, ಎರಡು ಫ್ಯೂಸು, ರಾತ್ರಿಗೆ ಚಾರ್ಜರು, ಬಾಡಿಗೆಗೆ ಸೋಲಾರ್ ಹಲಗೆ. ಸಂಜೆ ಮತ್ತೆ ಮೀಟರ್ ಹಿಡಿದರು. ಜೀಪಿನಲ್ಲಿ 14.2, ಕ್ಯಾರವಾನ್‌ನಲ್ಲಿ 13.8. ಕೊನೇ ಹೊಲಕ್ಕೂ ನೀರು ಬಂತು! ಇನ್ವರ್ಟರನ್ನು ನಾನೇ ಬಿಚ್ಚಿ ಬಾಡಿಗೆ ಅಂಗಡಿಗೆ ವಾಪಸ್ ಕೊಟ್ಟೆ.

ಕಂಪ್ಲಿಯ ಮಡಕೆ

ನಾಲ್ಕನೇ ದಿನ ಕಂಪ್ಲಿ. ಶಿವಣ್ಣ 'ಗಂಡುಗಲಿ ಕುಮಾರರಾಮ' ಚಿತ್ರದಲ್ಲಿ ಮಾಡಿದ ಕುಮಾರರಾಮನ ಸೀಮೆ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟರೆ ಮುಳುಗುವ ಸೇತುವೆ, ಸುತ್ತ ಭತ್ತದ ಗದ್ದೆ, ಹೊಳೆ ದಂಡೆಯಲ್ಲಿ ಹರಿಗೋಲು. ತಾಯಿ ಮಗನನ್ನು ಕಳಿಸಿಕೊಡುವ ಸೀನ್. ಅಮ್ಮ ಒಂದೇ ಟೇಕಿಗೆ ಮುಗಿಸಿದರು. ಲೈಟ್‌ಬಾಯ್‌ಗಳೂ ಕಣ್ಣು ಒರೆಸಿಕೊಂಡರು.

ಎರಡನೇ ನಾಯಕರು ಮತ್ತೆ ಡ್ರೈಯರ್ ಹಿಡಿದು ಬಂದರು. "ಐದೇ ನಿಮಿಷ ಗುರು..."

"ಇಲ್ಲ ಸಾರ್. ಇಲ್ಲಿ ಅಮ್ಮನ ಔಷಧಿ ಇದೆ. ಜನರೇಟರ್ ವ್ಯಾನ್ ಅಲ್ಲಿದೆ, ಅಲ್ಲಿ ಹಾಕ್ಕೊಳ್ಳಿ" ಅಂದೆ. ಗುರು ಅನ್ನಿಸಿಕೊಳ್ಳುವ ಆಸೆ ಅಷ್ಟರಲ್ಲಿ ಇಳಿದುಹೋಗಿತ್ತು. ಅವರು ನನ್ನನ್ನೂ ಫ್ರಿಜ್ಜನ್ನೂ ನೋಡಿ, ಒಂದು ಮಾತೂ ಆಡದೆ ಜನರೇಟರ್ ಕಡೆ ನಡೆದರು. ಒಳ್ಳೆಯ ಮನುಷ್ಯ, ಪಾಪ ಅವರಿಗೂ ಗೊತ್ತಿರಲಿಲ್ಲ.

ಸಂಜೆ ಅಮ್ಮನ ಮುಂದೆ ಫ್ರಿಜ್ ಬಾಗಿಲು ತೆಗೆದೆ. ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ನನ್ನ ಮುಖ ಅರಳಿತು. ಆಗ ನೋಡಿದರೆ, ಮಂಚದ ಕೆಳಗೆ ಒಂದು ಹೊಸ ಮಣ್ಣಿನ ಮಡಕೆ. ಸುತ್ತ ಒದ್ದೆ ಮರಳು, ಬಾಯಿಗೆ ಒದ್ದೆ ಬಟ್ಟೆ. ಒಳಗೆ ಒಂದು ಡಬ್ಬಿ, ಡಬ್ಬಿಯಲ್ಲಿ ಈಗ ಬಳಸುತ್ತಿರುವ ಸೀಸೆ.

"ಇದೇನಮ್ಮಾ? ಈಗ ಎಲ್ಲ ಸರಿಮಾಡಿದ್ದೀನಲ್ಲ?"

"ಸರಿಯಾಗಿದೆ ಕಂದ, ನಿನ್ನ ಮೇಲೆ ನಂಬಿಕೆ ಇದೆ" ಅಂದರು ಅಮ್ಮ. "ಆದರೂ ಕಂಪ್ಲಿ ಸಂತೆಯಲ್ಲಿ ಕಂಡಿತು, ತಂದೆ. ಇದಕ್ಕೆ ವೈರಿಲ್ಲ, ನೋಡು."

ಒಣ ಬಿಸಿಲಿನಲ್ಲಿ ನೀರು ಆರಿದಷ್ಟೂ ಮಡಕೆ ತಂಪಾಗುತ್ತೆ. ಫ್ರಿಜ್ಜಿನಷ್ಟು ಅಲ್ಲದಿದ್ದರೂ ಬಳಸುವ ಸೀಸೆ ಕಾಯಲು ಅದು ಆಸರೆ. ನನ್ನ ಜಂಬ ಇಳಿಸಲು ಅಮ್ಮನಿಗೆ ಬೈಗುಳ ಬೇಕಾಗಲಿಲ್ಲ, ಒಂದು ಮಡಕೆ ಸಾಕಾಯಿತು.

ಅಭಿಮಾನಿ ಮಿತ್ರರೇ, ಮುಂದಿನ ಸಲ ನಿಮ್ಮೂರಿಗೆ ಯೂನಿಟ್ ಬಂದಾಗ ಕ್ಯಾರವಾನ್ ಬಾಗಿಲ ಮುಂದೆ ನಿಲ್ಲಿ, ಶಿಳ್ಳೆ ಹಾಕಿ, ಫೋಟೋ ತೆಗೆದುಕೊಳ್ಳಿ. ಸ್ವಲ್ಪ ಬಿಡುವಾದರೆ ಹಿಂದಕ್ಕೆ ಹೋಗಿ ಕೊಕ್ಕೆ ಹತ್ತಿರ ಬಗ್ಗಿ ನೋಡಿ. ವೈರು ದಪ್ಪ ಇದೆಯಾ? ಫ್ಯೂಸ್ ಇದೆಯಾ? ಎಂಜಿನ್ ನಿಂತಾಗ ಗೇಟು ಹಾಕುವವರಿದ್ದಾರಾ? ಪಕ್ಕದಲ್ಲಿ ಮೀಟರ್ ಹಿಡಿದು ನಿಂತ ಒಬ್ಬ ಹುಡುಗ ಕಂಡರೆ ಮಾತಾಡಿಸಿ. ಅವನು ನಾನೇ ಇರಬಹುದು!